ನಮ್ಮ ಭಾಗದ ಪುಸ್ತಕಗಳ ಓದು: ಈ ತಿಂಗಳು ಎಲ್ಲಿಗೆ ಬಂತು

ಕೃಷ್ಣೆ, ಭೀಮೆ, ಘಟಪ್ರಭೆಯ ದಂಡೆಯಿಂದ ಬಂದ ಬರಹಗಳನ್ನು ಒಂದೊಂದಾಗಿ ಓದುವ ಕೆಲಸ ನಡೆದಿದೆ. ಈ ತಿಂಗಳು ರಾವಬಹಾದ್ದೂರರ ‘ಗ್ರಾಮಾಯಣ’ ಮುಗಿಯಿತು. ಚಂದ್ರಶೇಖರ ಕಂಬಾರರ ಕಾದಂಬರಿ ‘ಕರಿಮಾಯಿ’ಯನ್ನು ಇನ್ನೊಮ್ಮೆ ಓದಿದೆ. ‘ಗರತಿಯ ಹಾಡು’ ಅರ್ಧಕ್ಕೆ ಬಂದಿದೆ. ಅದು ಬೇಗ ಮುಗಿಯುವುದು ನನಗೂ ಬೇಡ.

‘ಗ್ರಾಮಾಯಣ’ 1957ರ ಕಾದಂಬರಿ. ಪಾದಳ್ಳಿ ಅನ್ನುವ ಊರು ಒಳಗೊಳಗೇ ಹಾಳಾಗುತ್ತಾ ಹೋಗುವ ಕಥೆ. ಒಬ್ಬ ನಾಯಕ ಅಂತ ಇಲ್ಲ, ಊರೇ ನಾಯಕ. ಜನ ಜಾಸ್ತಿ, ಯಾರು ಯಾರ ಕಡೆಯವರು ಅಂತ ತಿಳಿಯಲು ಮೊದಲು ತಾಳ್ಮೆ ಬೇಕು. ಆದರೆ ಒಮ್ಮೆ ಮಾತುಗಳು ಕಿವಿಗೆ ಹತ್ತಿದರೆ ಸಾಕು. ಯಾರು ಮಾತಾಡುತ್ತಿದ್ದಾರೆ ಅಂತ ಹೆಸರು ನೋಡದೆ ಗೊತ್ತಾಗುತ್ತದೆ. ಕನ್ನಡದ ದೊಡ್ಡ ಕಾದಂಬರಿಗಳ ಮಾತು ಬಂದಾಗ ಇದನ್ನು ಮೊದಲ ಸಾಲಿನಲ್ಲೇ ಇಡಬೇಕು. ನಮ್ಮ ಕಡೆಯ ಹುಡುಗರೇ ಇದನ್ನು ಓದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

‘ಕರಿಮಾಯಿ’ಯಲ್ಲೂ ಊರೇ ಮುಖ್ಯ. ಆದರೆ ಇಲ್ಲಿಯ ಊರು ಶಿವಾಪುರಕ್ಕೆ ಕಾಯುವ ಒಬ್ಬ ತಾಯಿ, ಗ್ರಾಮದೇವತೆ ಕರಿಮಾಯಿ, ಇದ್ದಾಳೆ, ಕಥೆ ಹೇಳುವವನಿಗೆ ಎದುರಲ್ಲಿ ಕೂತು ಕೇಳುವವರಿದ್ದಾರೆ. ಹೊರಗೆ ಕಲಿತು ಬಂದ ಗುಡಸೀಕರನ ಮೇಲೆ ಈ ಸಲ ನನಗೆ ಕನಿಕರ ಹುಟ್ಟಿತು. ಅವನಿಗೆ ಊರು ಬೇಕು, ಆದರೆ ಅದು ತಾನು ಹೇಳಿದಂತೆ ಇರಬೇಕು. ಎರಡರಲ್ಲಿ ನನ್ನ ಮನಸ್ಸು ‘ಗ್ರಾಮಾಯಣ’ದ ಕಡೆಗೇ. ಅಲ್ಲಿ ಊರನ್ನು ಕಾಯುವವರು ಯಾರೂ ಇಲ್ಲ.

ಈಗ ‘ಗರತಿಯ ಹಾಡು’. ವಿಜಯಪುರ ಜಿಲ್ಲೆಯ ಹಲಸಂಗಿ ಊರಿನ ಗೆಳೆಯರು, ಅಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಜೊತೆಯವರು, ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ತಂದ ಪುಸ್ತಕ. ಮನಸ್ಸಿನಲ್ಲೇ ಓದಿದರೆ ಇವು ಮೂರು ಸಣ್ಣ ಸಾಲು, ಅಷ್ಟೇ. ಬಾಯಿಬಿಟ್ಟು ಓದಿದಾಗಲೇ ಎರಡನೇ ಸಾಲು ತಿರುಗಿ ಬರುವ ಜಾಗ, ಬೀಸುಕಲ್ಲು ತಿರುಗಿಸುವ ಕೈ ಎಲ್ಲಿ ಜೋರು ಹಾಕುತ್ತದೆ ಅನ್ನುವುದು ತಿಳಿಯುತ್ತದೆ. ನಮ್ಮವ್ವನ ಮುಂದೆ ತವರುಮನೆಯ ಪದಗಳನ್ನು ಓದುತ್ತಿದ್ದೆ. ಒಂದು ಕಡೆ ತಡೆದು, “ಹಂಗಲ್ಲೋ, ನಮ್ಮೂರಾಗ ಕಡೀ ಸಾಲು ಬ್ಯಾರೆ ಐತಿ” ಅಂದು ಹಾಡಿಯೇ ತೋರಿಸಿದಳು. ಅವಳ ಸಾಲಿನಲ್ಲಿ ಅಣ್ಣನ ಮೇಲೆ ಸಿಟ್ಟು ಇತ್ತು. ಪುಸ್ತಕದಲ್ಲಿ ಬರೀ ಹಂಬಲ. ಎರಡೂ ನಿಜ ಅಲ್ವಾ?

ಅಂದಿನಿಂದ ಓದುವ ರೀತಿಯೇ ಬದಲಾಗಿದೆ. ದಿನಾ ಸ್ವಲ್ಪವೇ, ರಾತ್ರಿ ಊಟ ಆದಮೇಲೆ, ಅವ್ವನ ಹತ್ತಿರ ಕೂತು. ಅವಳು ಹೇಳುವ ಸಾಲು ಬೇರೆಯಾದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಓಣಿಯ ಇನ್ನಿಬ್ಬರು ಅಜ್ಜಿಯರನ್ನೂ ಕೇಳುವುದಿದೆ.

ಮುಂದಿನದು ಕಟ್ಟೀಮನಿಯವರ ‘ಮಾಡಿ ಮಡಿದವರು’. 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾದಂಬರಿ, ಬರೆದವರೂ ಆಗ ಜೈಲು ಕಂಡವರು. ಹಲಸಂಗಿಯವರದೇ ಇನ್ನೊಂದು ಹಾಡುಗಳ ಸಂಗ್ರಹ ‘ಮಲ್ಲಿಗೆ ದಂಡೆ’ಯ ಪ್ರತಿಯನ್ನೂ ಹುಡುಕುತ್ತಿದ್ದೇನೆ. ವಿಜಯಪುರದಲ್ಲಿ ಯಾರ ಹತ್ತಿರವಾದರೂ ಇದ್ದರೆ ಓದಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.