ಕೈ ಸ್ಟೀರಿಂಗ್ ಮೇಲಿರಲಿ, ಪೇಪರ್ ಆಮೇಲೆ

"ರೀ, ಮೊದ್ಲು ಪೇಪರ್ ತೆಗ್ದು ಕೊಡ್ರೀ!"

ಪಕ್ಕದ ಸೀಟಿನಿಂದ ಹೆಂಡತಿ ಹೀಗೆ ಅಂದದ್ದೇ ತಡ, ಗಂಡನ ಬಲಗೈ ಸ್ಟೀರಿಂಗ್ ಬಿಟ್ಟು ಗ್ಲೋವ್ ಬಾಕ್ಸಿನತ್ತ ಹೋಯಿತು. ಕಿಟಕಿಯ ಆಚೆ ನಿಂತಿದ್ದ ನಿವೃತ್ತ ಡೆಪ್ಯುಟಿ (ಷೆರಿಫ್ ಕಚೇರಿಯ ಪೊಲೀಸ್) ಒಂದು ಹೆಜ್ಜೆ ಹಿಂದೆ ಸರಿದು "ಸ್ಟಾಪ್! ಹ್ಯಾಂಡ್ಸ್!" ಎಂದು ಗುಡುಗಿದ. ಗಂಡನ ಸೊಂಟದಲ್ಲಿದ್ದದ್ದು ನೀಲಿ ಪ್ಲಾಸ್ಟಿಕ್ಕಿನ ತರಬೇತಿ ಪಿಸ್ತೂಲು, ಕಾರು ನಿಂತಿದ್ದದ್ದು ಟೆಕ್ಸಾಸಿನ ಡಲ್ಲಾಸ್ ಹತ್ತಿರದ ಶೂಟಿಂಗ್ ರೇಂಜಿನ ಪಾರ್ಕಿಂಗಿನಲ್ಲಿ. ಇದೆಲ್ಲ ಅಣಕು ತಪಾಸಣೆ ಅಂತ ಗೊತ್ತಿದ್ದರೂ ಹಾಸನದ ಕಡೆಯ ಆ ಇಂಜಿನಿಯರ್ ಬೆವೆತುಹೋದರು.

ಪಿಸ್ತೂಲು ಜೊತೆಗೊಯ್ಯುವ ಲೈಸೆನ್ಸಿಗೆ ನಾವು ನಡೆಸುವ ತರಗತಿಯಲ್ಲಿ ಕಳೆದ ಶನಿವಾರ ನಡೆದದ್ದು ಇಷ್ಟೇ. ಆದರೆ ಆ ಬಲಗೈ ವಾರವಿಡೀ ಕಣ್ಣ ಮುಂದಿದೆ. ಹೇಳಬೇಕಾದ ಮಾತನ್ನು ಅವರು ಒಂದಕ್ಷರ ತಪ್ಪದೆ ಹೇಳಿದ್ದರು: "ಆಫೀಸರ್, ಐ ಹ್ಯಾವ್ ಎ ಲೈಸೆನ್ಸ್ ಟು ಕ್ಯಾರಿ, ಅಂಡ್ ಐ ಆಮ್ ಆರ್ಮ್ಡ್. ಇಟ್ಸ್ ಆನ್ ಮೈ ರೈಟ್ ಹಿಪ್." ಅಂದರೆ ಲೈಸೆನ್ಸ್ ಇದೆ, ಪಿಸ್ತೂಲು ಬಲ ಸೊಂಟದಲ್ಲಿದೆ ಅಂತ. ಅದಾಗಿ ಎರಡು ಸೆಕೆಂಡಿಗೆ ಅದೇ ಬಲಭಾಗದ ಕೈ ಚಲಿಸಿತು. ಹೊರಗೆ ನಿಂತವನಿಗೆ ಆ ಕೈ ಕಾಗದಕ್ಕೆ ಹೋಗುತ್ತಿದೆ ಅಂತ ತಿಳಿಯುವುದಾದರೂ ಹೇಗೆ? ಅದರ ಮೇಲೆ, ಪಕ್ಕದಲ್ಲಿರುವವರು ಅವನಿಗೆ ಅರ್ಥವಾಗದ ಭಾಷೆಯಲ್ಲಿ ಏನೋ ಆಜ್ಞೆ ಕೊಟ್ಟ ಮರುಕ್ಷಣವೇ ಚಲಿಸಿದ ಕೈ ಅದು.

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರೆ ಗಾಡಿ ಬದಿಗೆ ಹಾಕಿ, ಕೆಳಗಿಳಿದು, ಡಿಎಲ್ಲು, ಆರ್‌ಸಿ, ಇನ್ಶೂರೆನ್ಸು ಹಿಡಿದುಕೊಂಡು "ಸಾರ್" ಅಂತ ನಾವೇ ಅವರ ಹತ್ತಿರ ಹೋಗುವುದು ಮರ್ಯಾದೆ. ಕೇಳುವ ಮೊದಲೇ ಕಾಗದ ಮುಂದಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಅಮೆರಿಕದ ರಸ್ತೆಯಲ್ಲಿ ಇದೇ ಸೌಜನ್ಯ ಅಪಾಯ ತರುತ್ತದೆ. ಕಾರಿನಿಂದ ಇಳಿದು ಹಿಂದಕ್ಕೆ ನಡೆದು ಬರುವವನನ್ನು ಇಲ್ಲಿನ ಪೊಲೀಸ್ ಮೊದಲು ನೋಡುವುದು ದಾಳಿಕೋರನೆಂದೇ.

ಹಾಗಾದರೆ ಮಾಡಬೇಕಾದ್ದೇನು? ಹಿಂದೆ ಕೆಂಪು, ನೀಲಿ ದೀಪ ಕಂಡ ಕೂಡಲೇ ಬಲಗಡೆಯ ಇಂಡಿಕೇಟರ್ ಹಾಕಿ ವೇಗ ಇಳಿಸಿ. ಸುರಕ್ಷಿತ ಜಾಗ ದೂರವಿದ್ದರೆ ಹಜಾರ್ಡ್ ಲೈಟ್ ಹಾಕಿಕೊಂಡು ನಿಧಾನಕ್ಕೆ ಅಲ್ಲಿಯವರೆಗೆ ಹೋಗಿ. ಪೊಲೀಸ್ ಕಾರಿನಿಂದ ಇಳಿಯುವ ಮೊದಲೇ ಗೇರನ್ನು ಪಾರ್ಕಿಗೆ ಹಾಕಿ, ಇಂಜಿನ್ ಆಫ್ ಮಾಡಿ, ಮುಂದಿನ ಎರಡೂ ಕಿಟಕಿಗಳನ್ನು ಪೂರ್ತಿ ಇಳಿಸಿ, ರಾತ್ರಿಯಾದರೆ ಒಳಗಿನ ದೀಪ ಹಾಕಿ. ಎರಡೂ ಕಿಟಕಿ ಯಾಕೆಂದರೆ ಹೆದ್ದಾರಿಯಲ್ಲಿ ಅವರು ಬಹಳ ಸಲ ಪ್ಯಾಸೆಂಜರ್ ಬದಿಯಿಂದ ಬರುತ್ತಾರೆ; ಆಗ ತಿರುಗಿ ಗುಂಡಿ ಹುಡುಕುತ್ತಾ ಕೂರುವಂತಿಲ್ಲ. ಆಮೇಲೆ ಎರಡೂ ಕೈ ಸ್ಟೀರಿಂಗಿನ ಮೇಲ್ಭಾಗದಲ್ಲಿ, ಬೆರಳುಗಳು ಕಾಣುವಂತೆ. ಪಕ್ಕದವರ ಕೈ ಡ್ಯಾಶ್‌ಬೋರ್ಡಿನ ಮೇಲೆ, ಹಿಂದಿನವರದು ಮುಂದಿನ ಸೀಟಿನ ಬೆನ್ನಿಗೆ. ಮಾತು ಪೂರಾ ಇಂಗ್ಲಿಷಿನಲ್ಲಿ, ಇಲ್ಲವೇ ಮೌನ. ಸೀಟ್ ಬೆಲ್ಟ್ ಬಿಚ್ಚಬೇಡಿ: ಬಕಲ್ ಇರುವುದು ಬಲ ಸೊಂಟದ ಹತ್ತಿರ, ಬಲಗೈಯವರ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಇರುವುದೂ ಅಲ್ಲೇ.

ಮಾತಿನ ಕೊನೆಗೆ ಒಂದು ಪ್ರಶ್ನೆ ಸೇರಿಸಲೇಬೇಕು: "ಹೌ ವುಡ್ ಯು ಲೈಕ್ ಮಿ ಟು ಪ್ರೊಸೀಡ್?" (ನಾನೀಗ ಏನು ಮಾಡಲಿ?) ನಮ್ಮ ಇಂಜಿನಿಯರ್ ಬಿಟ್ಟದ್ದು ಇದನ್ನೇ. ಈ ಪ್ರಶ್ನೆಯ ನಂತರ ಪ್ರತಿ ಚಲನೆಯೂ ಅಧಿಕಾರಿಯ ಅಪ್ಪಣೆಯಿಂದಲೇ ಆಗುತ್ತದೆ. ವಾಲೆಟ್ ಎಲ್ಲಿದೆ ಅಂತ ಹೇಳಿ, ಅವರು ಸರಿ ಅಂದ ಮೇಲೆ ಒಂದೇ ಕೈಯಿಂದ ನಿಧಾನಕ್ಕೆ ತೆಗೆಯಿರಿ. "ಗನ್" ಎಂಬ ಪದದಿಂದ ಮಾತು ಶುರು ಮಾಡಬೇಡಿ. ಪೊಲೀಸರು ಒಬ್ಬರನ್ನೊಬ್ಬರು ಎಚ್ಚರಿಸಲು ಕೂಗುವುದೂ ಅದನ್ನೇ, ಟ್ರಕ್ಕುಗಳ ಸದ್ದಿನಲ್ಲಿ ಹಿಂದಿದ್ದವನಿಗೆ ಅದೊಂದೇ ಕೇಳಿಸಿದರೆ ಕೆಟ್ಟಿತು. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಹಳೇ ಜೋಕು: "ನೀನು ನಿನ್ನದು ತೋರಿಸಬೇಡ, ನಾನು ನನ್ನದು ತೋರಿಸಲ್ಲ." ನಗಬಹುದು, ಕೈ ಎತ್ತಬಾರದು.

ಅರ್ಧ ಅಪಾಯವನ್ನು ಮನೆ ಬಿಡುವ ಮುಂಚೆಯೇ ಕಳೆಯಬಹುದು. ಬಲ ಹಿಂಜೇಬಿನಲ್ಲಿ ವಾಲೆಟ್, ಅದರ ಪಕ್ಕದಲ್ಲೇ ಪಿಸ್ತೂಲು ಇದ್ದರೆ ಲೈಸೆನ್ಸ್ ತೆಗೆಯುವುದೂ ಪಿಸ್ತೂಲು ಎಳೆಯುವುದೂ ಒಂದೇ ಥರ ಕಾಣುತ್ತದೆ. ಕಾರ್ಡುಗಳನ್ನು ಎಡ ಮುಂಜೇಬಿಗೆ, ಇಲ್ಲವೇ ಸನ್ ವೈಸರಿನ ಚೀಲಕ್ಕೆ ಹಾಕಿ. ಇನ್ಶೂರೆನ್ಸ್ ಕಾರ್ಡೂ ಅಲ್ಲಿಗೇ. ಟೆಕ್ಸಾಸಿನಲ್ಲಿ ರಿಜಿಸ್ಟ್ರೇಷನ್ ಸ್ಟಿಕ್ಕರ್ ಗಾಜಿನ ಮೇಲೇ ಇರುತ್ತದೆ, ಹಾಗಾಗಿ ಗ್ಲೋವ್ ಬಾಕ್ಸ್ ತೆರೆಯುವ ಪ್ರಮೇಯವೇ ಬರಬಾರದು. ಪಿಸ್ತೂಲನ್ನು ಗ್ಲೋವ್ ಬಾಕ್ಸಿನಲ್ಲಿ ಕಾಗದಗಳ ಮೇಲೆ ಇಡುವವರಿದ್ದಾರೆ. ಅವರಿಗೆ ಹೇಳಿ ಹೇಳಿ ನಮ್ಮ ಬಾಯಿ ನೋಯುತ್ತದೆ.

ಅದೇ ತರಗತಿಯಲ್ಲಿ ಕೊಡಗಿನ ಹುಡುಗಿಯೊಬ್ಬಳಿದ್ದಳು. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆಯವಳು, ಐವತ್ತು ಸುತ್ತಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಅವಳು ತರಬೇತಿ ಪಿಸ್ತೂಲನ್ನು ಇಟ್ಟುಕೊಂಡದ್ದು ವ್ಯಾನಿಟಿ ಬ್ಯಾಗಿನಲ್ಲಿ, ಲೈಸೆನ್ಸ್ ಇದ್ದದ್ದೂ ಅದರಲ್ಲೇ. ಡೆಪ್ಯುಟಿ ಲೈಸೆನ್ಸ್ ಕೇಳಿದಾಗ ಬ್ಯಾಗಿನ ಜಿಪ್ ಎಳೆದಳು, ಮೊದಲು ಹೊರಗಿಣುಕಿದ್ದು ನೀಲಿ ಹಿಡಿ. ಹೆಗಲಿಗೆ ತೂಗುಹಾಕಿದ ಕೋವಿ ಎಲ್ಲರಿಗೂ ಕಾಣುತ್ತದೆ, ಬಚ್ಚಿಟ್ಟದ್ದರ ಕಷ್ಟವೇ ಬೇರೆ. ಬ್ಯಾಗಿನಲ್ಲೇ ಇಡಬೇಕೆಂದರೆ ಅದಕ್ಕೆಂದೇ ಬೇರೆ ಜಿಪ್ಪಿನ ಖಾನೆ, ಒಳಗೆ ಟ್ರಿಗರ್ ಮುಚ್ಚುವ ಹೋಲ್‌ಸ್ಟರ್ ಇರಬೇಕು, ಕಾರ್ಡುಗಳು ಬ್ಯಾಗಿನ ಹೊರಗಿರಬೇಕು.

ಅಧಿಕಾರಿಗೆ ಪಿಸ್ತೂಲು ತನ್ನ ವಶಕ್ಕೆ ಬೇಕೆನಿಸಬಹುದು. ತನಗೋ ಇನ್ನೊಬ್ಬರಿಗೋ ರಕ್ಷಣೆಗೆ ಅಗತ್ಯವೆಂದು ಸಕಾರಣವಾಗಿ ನಂಬಿದರೆ ತೆಗೆದುಕೊಳ್ಳಲು ಟೆಕ್ಸಾಸ್ ಕಾನೂನು ಬಿಡುತ್ತದೆ. ತಪ್ಪೇನೂ ಕಾಣದಿದ್ದರೆ ಕಳಿಸುವ ಮೊದಲು ವಾಪಸು ಕೊಡಬೇಕು. ನೀವಾಗಿ ತೆಗೆದುಕೊಡಲು ಹೋಗಬೇಡಿ. "ಗುಂಡು ತುಂಬಿದೆ, ಚೇಂಬರಿನಲ್ಲೂ ಒಂದಿದೆ, ಹೋಲ್‌ಸ್ಟರ್ ಸಮೇತ ಕ್ಲಿಪ್ಪಿನಿಂದ ಬರುತ್ತದೆ" ಎಂದಷ್ಟು ಹೇಳಿ. ಗ್ಲಾಕ್‌ನಂಥ ಪಿಸ್ತೂಲುಗಳಿಗೆ ಬೆರಳಿನಿಂದ ಹಾಕುವ ಸೇಫ್ಟಿ ಇರುವುದಿಲ್ಲ. ಪರಿಚಯವಿಲ್ಲದ ಕೈ ಟ್ರಿಗರ್ ಮುಟ್ಟಿದರೆ ಗುಂಡು ನಿಮ್ಮ ತೊಡೆಗೇ ಬೀಳಬಹುದು. ಹೋಲ್‌ಸ್ಟರ್ ಸಮೇತ ಬಂದರೆ ಟ್ರಿಗರ್ ಮುಚ್ಚಿಯೇ ಇರುತ್ತದೆ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬೇರೆ ಮಾಡಿ ಹಿಂತಿರುಗಿಸಿದರೆ ಅವರ ಗಾಡಿ ಕಣ್ಮರೆಯಾಗುವವರೆಗೂ ತುಂಬಬೇಡಿ. ಕಾರು ಹುಡುಕಲು ಒಪ್ಪಿಗೆ ಕೇಳಿದರೆ "ಐ ಡೋಂಟ್ ಕನ್ಸೆಂಟ್ ಟು ಸರ್ಚಸ್" ಅನ್ನುವ ಹಕ್ಕಿದೆ. ಕೆಳಗಿಳಿ ಅಂದರೆ ಮಾತ್ರ ಇಳಿಯಲೇಬೇಕು. 1977ರ ಪೆನ್ಸಿಲ್ವೇನಿಯಾ ವರ್ಸಸ್ ಮಿಮ್ಸ್ ತೀರ್ಪು ಪೊಲೀಸರಿಗೆ ಆ ಅಧಿಕಾರ ಕೊಟ್ಟಿದೆ. ಆ ಮೊಕದ್ದಮೆ ಶುರುವಾದದ್ದೂ ಇಳಿದವನ ಜಾಕೆಟ್ಟಿನಲ್ಲಿ ಕಂಡ ಉಬ್ಬಿನಿಂದಲೇ.

ಪಿಸ್ತೂಲಿದೆ ಅಂತ ಪೊಲೀಸರು ಕೇಳದೆಯೇ ಹೇಳಬೇಕೇ ಎಂಬುದು ರಾಜ್ಯ ರಾಜ್ಯಕ್ಕೆ ಬೇರೆ. ಮಿಶಿಗನ್, ನಾರ್ತ್ ಕ್ಯಾರೊಲಿನಾದಲ್ಲಿ ತಾವಾಗಿ ಹೇಳಬೇಕು. ಒಹಾಯೊದಲ್ಲಿ 2022ರ ಜೂನ್ ತನಕ ಹಾಗೇ ಇತ್ತು, ಈಗ ಕೇಳಿದರೆ ಹೇಳಿದರೆ ಸಾಕು. ಟೆಕ್ಸಾಸಿನಲ್ಲಿ ಗುರುತಿನ ಚೀಟಿ ಕೇಳಿದಾಗ ಪಿಸ್ತೂಲು ಮೈಮೇಲಿದ್ದರೆ ಡ್ರೈವಿಂಗ್ ಲೈಸೆನ್ಸ್ ಜೊತೆ ಕ್ಯಾರಿ ಲೈಸೆನ್ಸೂ ತೋರಿಸಬೇಕು. ತೋರಿಸದಿದ್ದರೆ ಶಿಕ್ಷೆ ಎಂಬುದು 2009ರಲ್ಲೇ ಹೋಯಿತು, ಕರ್ತವ್ಯ ಮಾತ್ರ ಉಳಿದಿದೆ. 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ ಅರ್ಹರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು, ತೋರಿಸಲು ಅವರ ಹತ್ತಿರ ಕಾರ್ಡೇ ಇಲ್ಲ. ಪಾಠ ಕೇಳಿ, ಪರೀಕ್ಷೆ ಬರೆದು, ಬೆರಳಚ್ಚು ಕೊಟ್ಟವನಿಗೆ ಇರುವ ಹೊಣೆ ಏನೂ ಮಾಡದವನಿಗಿಲ್ಲ. ಇದನ್ನು ಬರೆದ ಶಾಸಕರ ತಲೆಯಲ್ಲಿ ಏನಿತ್ತೋ!

ಆ ಬಲಗೈ ಕಣ್ಣ ಮುಂದೆ ಬಂದಾಗಲೆಲ್ಲ ಮಿನಸೋಟದ ಫಿಲಾಂಡೊ ಕ್ಯಾಸ್ಟೀಲ್ ನೆನಪಾಗುತ್ತಾನೆ. 2016ರ ಜುಲೈ 6, ಫಾಲ್ಕನ್ ಹೈಟ್ಸ್. ಶಾಲೆಯ ಊಟದ ಮನೆಯ ಮೇಲ್ವಿಚಾರಕ, ಕಪ್ಪು ಜನಾಂಗದವನು, 32 ವರ್ಷ, ಪಿಸ್ತೂಲಿಗೆ ಪರವಾನಗಿ ಇತ್ತು. ಅಧಿಕಾರಿ ಲೈಸೆನ್ಸ್, ಇನ್ಶೂರೆನ್ಸ್ ಕೇಳಿದ. ಕ್ಯಾಸ್ಟೀಲ್ ಇನ್ಶೂರೆನ್ಸ್ ಕಾರ್ಡ್ ಕೊಟ್ಟು, ತನ್ನ ಬಳಿ ಬಂದೂಕಿದೆ ಎಂದು "ಸರ್" ಸೇರಿಸಿ ಹೇಳಿದ. ಅಲ್ಲಿ ಅಧಿಕಾರಿ ಕೇಳಿದರೆ ಮಾತ್ರ ಹೇಳಬೇಕು. ಅವನು ಕಾನೂನು ಬಯಸಿದ್ದಕ್ಕಿಂತ ಹೆಚ್ಚೇ ಮಾಡಿದ. "ಅದನ್ನು ಎಳೆಯಬೇಡ" ಎಂದ ಅಧಿಕಾರಿ. "ಎಳೆಯುತ್ತಿಲ್ಲ" ಎಂದ ಇವನು. ಏಳು ಗುಂಡು ಹಾರಿದವು. ಹಿಂದಿನ ಸೀಟಿನಲ್ಲಿ ಗೆಳತಿಯ ನಾಲ್ಕು ವರ್ಷದ ಮಗಳಿದ್ದಳು. ಮರುವರ್ಷ ಜೂನಿನಲ್ಲಿ ಜ್ಯೂರಿ ಅಧಿಕಾರಿಯನ್ನು ಖುಲಾಸೆ ಮಾಡಿತು.

ಲೈಸೆನ್ಸ್ ಕೊಡು ಎಂಬ ಅಪ್ಪಣೆ ಇನ್ನೂ ಚಾಲ್ತಿಯಲ್ಲಿತ್ತು, ಕೈ ಹಾಕಬೇಡ ಎಂಬುದು ಅದರ ಮೇಲೆ ಬಂದು ಬಿತ್ತು. ಯಾವುದನ್ನು ಪಾಲಿಸಬೇಕು? ನಮ್ಮ ಪಾಠದ ಪ್ರಕಾರ ಎರಡು ಅಪ್ಪಣೆ ಡಿಕ್ಕಿ ಹೊಡೆದಾಗ ಕಲ್ಲಾಗಬೇಕು, ಕೈ ಅಲ್ಲಾಡಿಸದೆ "ಏನು ಮಾಡಲಿ?" ಅಂತ ಕೇಳಬೇಕು. ಪಾಠ ಸರಿಯಾಗಿದೆ, ಮತ್ತೆ ಮತ್ತೆ ಹೇಳಿಕೊಡುತ್ತೇವೆ. ಆದರೆ ಸಂಬಳ ಪಡೆದು ತರಬೇತಿ ಹೊಂದಿದವನು ಹೆದರಬಹುದು, ಆ ಹೆದರಿಕೆಯನ್ನು ಕೋರ್ಟಿನಲ್ಲಿ ವಾದವಾಗಿ ಇಡಬಹುದು. ಸೀಟ್ ಬೆಲ್ಟಿನಲ್ಲಿ ಸಿಕ್ಕಿಕೊಂಡ ಸಾಮಾನ್ಯನು ಮಾತ್ರ ಉಸಿರು ಬಿಗಿಹಿಡಿದು ಒಂದಿಷ್ಟೂ ತಪ್ಪಬಾರದು. ಈ ಲೆಕ್ಕ ನನಗೆ ಇವತ್ತಿಗೂ ಒಗ್ಗಿಲ್ಲ. ಕಂದು ಬಣ್ಣದ ನಾವು ಆ ತೂಗುಗೋಲಿನಲ್ಲಿ ಎಲ್ಲಿ ನಿಲ್ಲುತ್ತೇವೆ ಎಂಬುದು ಎದುರಿನವನ ಮೇಲೆ, ಹೊತ್ತಿನ ಮೇಲೆ, ರಸ್ತೆಯ ಮೇಲೆ ನಿಂತಿದೆ. ಒಳ್ಳೆ ನಡತೆಯಿದ್ದರೆ ಏನೂ ಆಗಲ್ಲ ಅಂತ ತರಗತಿಯಲ್ಲಿ ಯಾರೋ ಅಂದರು. ಡೆಪ್ಯುಟಿ ಉತ್ತರಿಸಲಿಲ್ಲ.

ನಮ್ಮವರು ಕೇಳದೇ ಬಿಡುವ ಇನ್ನೊಂದು ವಿಷಯ ವೀಸಾ. ಕೆಲಸದ ಎಚ್-1ಬಿ, ಓದಿನ ಎಫ್-1ನಂಥ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಹಾಗಾಗಿ ಗ್ರೀನ್ ಕಾರ್ಡಿನ ಗೆಳೆಯ ತನ್ನ ಪಿಸ್ತೂಲನ್ನು ಕಾರಿನ ಕನ್ಸೋಲಿನಲ್ಲಿ ಬಿಟ್ಟು, ಎಚ್-1ಬಿ ಗೆಳೆಯನ ಕೈಗೆ ಕೀಲಿ ಕೊಟ್ಟು ಕಳಿಸುವುದು ಉಪಕಾರವಲ್ಲ.

ರಾಜ್ಯದ ಗಡಿ ದಾಟುವವರಿಗೆ ಶನೀನ್ ಅಲೆನ್ ಕಥೆ ಗೊತ್ತಿರಬೇಕು. 2013ರಲ್ಲಿ ಪೆನ್ಸಿಲ್ವೇನಿಯಾ ಪರವಾನಗಿಯೊಂದಿಗೆ ನ್ಯೂಜೆರ್ಸಿಗೆ ಹೋದ ಈಕೆ, ಪೊಲೀಸ್ ನಿಲ್ಲಿಸಿದಾಗ ಪಿಸ್ತೂಲಿದೆ ಎಂದು ತಾನಾಗಿ ಹೇಳಿದಳು. ನ್ಯೂಜೆರ್ಸಿ ಆ ಪರವಾನಗಿಯನ್ನು ಮಾನ್ಯ ಮಾಡುವುದಿಲ್ಲ; ಬಂಧನವಾಯಿತು, ಜೈಲು ಶಿಕ್ಷೆಯ ಭಯದಲ್ಲಿ ತಿಂಗಳುಗಟ್ಟಲೆ ಕಳೆದಳು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಆಕೆಗೆ ಕ್ಷಮಾದಾನ ಕೊಟ್ಟರು. ಅಂಥ ರಾಜ್ಯವನ್ನು ಹಾದು ಮುಂದೆ ಹೋಗುವುದಿದ್ದರೆ ಗಡಿಗೆ ಮುಂಚೆಯೇ ನಿಂತು ಪಿಸ್ತೂಲು ಖಾಲಿ ಮಾಡಿ, ಬೀಗದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಗೆ ಹಾಕಿ, ಗುಂಡುಗಳೂ ಅಲ್ಲೇ, ಬೇರೆಯಾಗಿ. ಹೊರಟ ಊರಿನಲ್ಲೂ ಸೇರುವ ಊರಿನಲ್ಲೂ ಅದನ್ನು ಒಯ್ಯುವುದು ಕಾನೂನುಬದ್ಧವಾಗಿದ್ದರೆ ಮಾತ್ರ ಫೆಡರಲ್ ಕಾನೂನಿನ ರಕ್ಷಣೆ ಸಿಗುತ್ತದೆ, ದಾರಿಯಲ್ಲಿ ನೆಂಟರ ಮನೆಯಲ್ಲಿ ತಂಗಿದರೆ ಅದೂ ಅನುಮಾನ. ನ್ಯೂಜೆರ್ಸಿಗೇ ಮದುವೆಗೋ ಗೃಹಪ್ರವೇಶಕ್ಕೋ ಹೊರಟವರು ಅದನ್ನು ಮನೆಯ ಸೇಫಿನಲ್ಲಿ ಬಿಟ್ಟು ಹೊರಡಿ.