ಆರನೆಯ ಮಣ್ಣು

ಆಗಸ್ಟ್ ತಿಂಗಳು. ಕುಮಟಾ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಹಂಚಿನ ಮೇಲೆ ಮಳೆ ಹೊಯ್ಯತೊಡಗಿದರೆ ನನ್ನ ದನಿ ಎರಡನೆಯ ಬೆಂಚು ದಾಟುವುದಿಲ್ಲ. ಅಂಥ ಒಂದು ಮಧ್ಯಾಹ್ನ ಪಾಠದ ಆಸೆ ಬಿಟ್ಟು ಹಲಗೆಯ ಮೇಲೆ ಬರೆದೆ: ‘ಪುಸ್ತಕ ಮುಚ್ಚಿ. ಭಾರತದ ಮಣ್ಣುಗಳ ಬಗ್ಗೆ ನೆನಪಿರುವುದನ್ನೆಲ್ಲ ಬರೆಯಿರಿ. ಅಂಕ ಇಲ್ಲ.’

ಹತ್ತನೆಯ ತರಗತಿಯವರು ಆ ಪಾಠವನ್ನು ನಾಲ್ಕು ಸಲ ಓದಿದ್ದರು. ಓದಿಸಿದವಳು ನಾನೇ. ನೆನಪಿಡಲು ‘ಇನ್ನೊಮ್ಮೆ ಓದಿ’ ಎನ್ನುವುದರ ಹೊರತು ಬೇರೆ ಉಪಾಯ ನನಗೆ ಗೊತ್ತಿರಲಿಲ್ಲ.

ಹೆಚ್ಚಿನವರದು ಮೂರು ಸಾಲಿಗೆ ಮುಗಿಯಿತು. ಯಾವಾಗಲೂ ಮೊದಲು ಬರುವ ಹುಡುಗಿ ‘ಕಪ್ಪು ಮಣ್ಣು, ಹತ್ತಿ’ ಎಂದು ಬರೆದು ಪೆನ್ನು ಕಚ್ಚುತ್ತ ಕುಳಿತಿದ್ದಳು. ‘ಓದುವಾಗ ಎಲ್ಲ ಗೊತ್ತಿತ್ತು ಅಕ್ಕೋರೇ’ ಎಂದಳು, ನಾನೇ ಕದ್ದವಳೆಂಬಂತೆ. ಜಂಬಿಟ್ಟಿಗೆ ಮಣ್ಣನ್ನು ಬರೆದವರು ಇಬ್ಬರೇ. ಜೋರು ಮಳೆಗೆ ಕರಗುವುದೆಲ್ಲ ಕೊಚ್ಚಿಹೋಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆಗುವ ಮಣ್ಣು ಅದು. ಉಳಿದವರೆಲ್ಲ ಬೆನ್ನು ಒರಗಿಸಿ ಕುಳಿತಿದ್ದ ಚಿರೇಕಲ್ಲಿನ ಗೋಡೆಯೂ ಅದೇ ಜಾತಿಯದು.

‘ಅಕ್ಕೋರೇ, ನೀವೂ ಬರೆಯಿರಿ.’ ಹಿಂದಿನ ಬೆಂಚಿನ ದನಿ.

ಹನ್ನೊಂದು ವರ್ಷ ಹೇಳಿದ ಪಾಠ. ಗತ್ತಿನಿಂದಲೇ ಬರೆದೆ: ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ, ಮರುಭೂಮಿ. ಆರನೆಯದು ಬರಲಿಲ್ಲ. ಮಳೆಯೂ ಅದೇ ಹೊತ್ತಿಗೆ ನಿಲ್ಲಬೇಕೆ! ಪುಸ್ತಕದತ್ತ ಕೈ ಚಾಚಿದರೆ ಇಡೀ ತರಗತಿ ಕೂಗಿತು. (ಪರ್ವತ ಮಣ್ಣು. ಇನ್ನು ಸಾಯುವವರೆಗೂ ಮರೆಯಲಾರೆ.)

ಆಮೇಲೆ ಹುಡುಕಿ ಓದಿದೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ದಿನವೇ ಎಷ್ಟು ಬೇಗ ನುಗ್ಗುತ್ತದೆಂದು 1885ರಲ್ಲೇ ಅಳೆದಿದ್ದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ನಡೆಸಿದ ಪ್ರಯೋಗ ನನ್ನನ್ನು ಹೆಚ್ಚು ಕಾಡಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಮುಂದು. ನನ್ನ ಹುಡುಗಿ ಸುಳ್ಳು ಹೇಳಿರಲಿಲ್ಲ. ಓದುವಾಗ ಎಲ್ಲ ಗೊತ್ತೇ ಇರುತ್ತದೆ.

ಈಗ ಪ್ರತಿ ಶುಕ್ರವಾರ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚುತ್ತೇವೆ. ಬರೆದಾದ ಮೇಲೆ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸುತ್ತಾರೆ. ಹಳೆಯ ಪಾಠಗಳೂ ನಡುನಡುವೆ ತಿರುಗಿ ಬರುತ್ತವೆ. ಸರಾಗವಾಗಿ ಓದಲೇ ಬಾರದ ಇಬ್ಬರು ಹುಡುಗರಿಗೆ ಮಾತ್ರ ಇದರಿಂದ ಏನೂ ಆಗಿಲ್ಲ; ಅವರನ್ನು ಸಂಜೆ ಕೂರಿಸಿಕೊಂಡು ಓದಿಸುತ್ತಿದ್ದೇನೆ.

ಮೊನ್ನೆ ಪಾಲಕರ ಸಭೆಗೆ ಬಂದ ತಾಯಿಯೊಬ್ಬರು ನನ್ನನ್ನು ಜಗಲಿಯ ಮೂಲೆಗೆ ಕರೆದರು. ‘ಅಕ್ಕೋರೇ, ನಮ್ಮ ಮಾಣಿ ಪುಸ್ತಕ ಮುಚ್ಚಿಟ್ಟು ಮಾಡು ನೋಡುತ್ತ ಕೂರುತ್ತಾನೆ. ಬೈದರೆ, ಅಕ್ಕೋರು ಹೇಳಿದ್ದು ಎನ್ನುತ್ತಾನೆ. ಹೌದೇ?’

ಹೌದು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.