ಐದು ನಿಮಿಷದ ಅಹವಾಲು

2024ರ ಚಳಿಗಾಲದಲ್ಲಿ ನಾನು ನ್ಯೂಜಿಲೆಂಡಿನ ಸಂಸತ್ ಸಮಿತಿಯೊಂದರ ಮುಂದೆ ಐದು ನಿಮಿಷ ಮಾತನಾಡಿದೆ. ನಾನು ಈ ದೇಶದ ಪ್ರಜೆಯಲ್ಲ, ಇಲ್ಲಿ ಕಾಯಂ ವಾಸದ ಪರವಾನಗಿ ಪಡೆದು ನೆಲೆಸಿರುವವನು. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್. ಹಾಸನದಲ್ಲಿರುವ ತಂದೆಯವರಿಗೆ ಫೋನಿನಲ್ಲಿ ಈ ವಿಷಯ ತಿಳಿಸಿದಾಗ ಅವರು ಮೊದಲು ಕೇಳಿದ್ದು, "ಯಾರ ಶಿಫಾರಸಿನ ಮೇಲೆ ಒಳಗೆ ಬಿಟ್ಟರು?" ಎಂದು. ಯಾರ ಶಿಫಾರಸೂ ಬೇಕಾಗಲಿಲ್ಲ ಎಂದೆ. ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲವಾದ್ದರಿಂದ, ಇಲ್ಲಿನ ಸಂಸತ್ತು ಜನರ ಮಾತನ್ನು ಕೇಳುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಸಂಸತ್ತಿಗೆ ಒಂದೇ ಸದನ ಎಂಬುದು. ನಮ್ಮ ವಿಧಾನ ಪರಿಷತ್ತನ್ನು ಹೋಲುವ ಮೇಲ್ಮನೆಯೊಂದು ಇಲ್ಲಿಯೂ ಇತ್ತು. ಅದನ್ನು ರದ್ದುಪಡಿಸಲು ಒಪ್ಪುವವರನ್ನೇ ಅಂದಿನ ಪ್ರಧಾನಿ ಸಿಡ್ನಿ ಹಾಲೆಂಡ್ ಹೊಸ ಸದಸ್ಯರನ್ನಾಗಿ ನೇಮಿಸಿದರು. 1950ರಲ್ಲಿ ಆ ಮನೆ ತನ್ನ ರದ್ದತಿಗೆ ತಾನೇ ಮತ ಹಾಕಿಕೊಂಡಿತು. ಭಾರತದಲ್ಲಿರುವಂತೆ ಕಾಯ್ದೆಯನ್ನು ಅಸಿಂಧುಗೊಳಿಸುವ ಅಧಿಕಾರ ಇಲ್ಲಿನ ನ್ಯಾಯಾಲಯಗಳಿಗಿಲ್ಲ. ಮತದಾನದ ವಯಸ್ಸನ್ನು 18ಕ್ಕೆ ನಿಗದಿಪಡಿಸಿರುವುದು ತಾರತಮ್ಯದ ವಿರುದ್ಧದ ಹಕ್ಕಿಗೆ ಹೊಂದುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಘೋಷಿಸಿತಾದರೂ ಕಾಯ್ದೆ ಹಾಗೆಯೇ ಉಳಿಯಿತು. ಘೋಷಿಸುವುದರ ಆಚೆಗೆ ನ್ಯಾಯಾಲಯ ಮಾಡುವಂತಹದ್ದು ಏನೂ ಇರಲಿಲ್ಲ. ಹೀಗೆ ಮೇಲ್ಮನೆಯ ತಡೆಯೂ ಇಲ್ಲದ, ನ್ಯಾಯಾಲಯದ ತಡೆಯೂ ಇಲ್ಲದ ಸದನದಲ್ಲಿ ಬಹುಮತವಿರುವ ಸರ್ಕಾರ ಎಷ್ಟು ವೇಗವಾಗಿ ಬೇಕಾದರೂ ಓಡಬಹುದು. ಆ ಓಟವನ್ನು ನಿಧಾನಗೊಳಿಸುವ ಮುಖ್ಯ ಜಾಗವೆಂದರೆ ಸೆಲೆಕ್ಟ್ ಕಮಿಟಿ.

ಮಸೂದೆಯ ಮೊದಲ ವಾಚನ ಮುಗಿದ ಮೇಲೆ ಸಾಮಾನ್ಯವಾಗಿ ಅದು ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇರುವ ಇಂತಹ ಸಮಿತಿಯೊಂದಕ್ಕೆ ಹೋಗುತ್ತದೆ. ಸದನ ಬೇರೆ ಗಡುವು ಹಾಕದಿದ್ದರೆ ಆರು ತಿಂಗಳ ಕಾಲಾವಕಾಶವಿರುತ್ತದೆ. ಸಮಿತಿ ಜನರಿಂದ ಲಿಖಿತ ಅಭಿಪ್ರಾಯಗಳನ್ನು ಆಹ್ವಾನಿಸುತ್ತದೆ. ಯಾರು ಬೇಕಾದರೂ ಬರೆಯಬಹುದು, ಇಂಗ್ಲಿಷಿನಲ್ಲಿಯೂ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿಯೂ ಬರೆಯಬಹುದು. ಖುದ್ದಾಗಿ ಮಾತನಾಡುವ ಇಚ್ಛೆಯಿದ್ದರೆ ಅದನ್ನೂ ಅಲ್ಲಿಯೇ ತಿಳಿಸಬೇಕು. ಈ ವಿಚಾರಣೆಗಳು ಸಾಮಾನ್ಯವಾಗಿ ಪತ್ರಕರ್ತರಿಗೂ ಸಾರ್ವಜನಿಕರಿಗೂ ತೆರೆದೇ ಇರುತ್ತವೆ. ದೆಹಲಿಯ ಸಂಸದೀಯ ಸಮಿತಿಗಳು ಮುಚ್ಚಿದ ಬಾಗಿಲ ಹಿಂದೆ ಸಭೆ ಸೇರುವುದನ್ನು ಪತ್ರಿಕೆಯಲ್ಲಿ ಓದಿಕೊಂಡು ಬೆಳೆದ ನನಗೆ ಇದು ಬಹಳ ದೊಡ್ಡ ವ್ಯತ್ಯಾಸವಾಗಿ ಕಂಡಿತು.

ನಾನು ಮಾತನಾಡಿದ್ದು ಬಾಡಿಗೆ ಮನೆಗಳ ಕಾಯ್ದೆಗೆ ತಂದ ತಿದ್ದುಪಡಿ ಮಸೂದೆಯ ಬಗ್ಗೆ. ಅವಧಿ ಗೊತ್ತುಪಡಿಸದ ಬಾಡಿಗೆ ಕರಾರುಗಳಲ್ಲಿ ಮಾಲೀಕರು ಕಾರಣ ಹೇಳದೆ ಮನೆ ಬಿಡಿಸುವುದಕ್ಕೆ 2021ರಲ್ಲಿ ತಡೆ ಬಿದ್ದಿತ್ತು. 2023ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಆ ತಡೆಯನ್ನು ತೆಗೆದು, 90 ದಿನಗಳ ನೋಟಿಸ್ ಕೊಟ್ಟರೆ ಸಾಕು ಎಂಬ ಹಳೆಯ ನಿಯಮವನ್ನು ಮರಳಿ ತರಲು ಹೊರಟಿತು. ಆ ಹಳೆಯ ನಿಯಮದ ಬಿಸಿ ನಮ್ಮ ಮನೆಗೆ ತಟ್ಟಿತ್ತು. 2019ರಲ್ಲಿ, ಒಂದು ತಿಂಗಳ ಬಾಡಿಗೆಯನ್ನೂ ಬಾಕಿ ಉಳಿಸದ ನಮಗೆ, ಒಂದು ಸಾಲಿನ ವಿವರಣೆಯೂ ಇಲ್ಲದ ನೋಟಿಸ್ ಬಂದಿತ್ತು. ಅದನ್ನೇ ಎರಡು ಪುಟಗಳಲ್ಲಿ ಬರೆದು ಕಳುಹಿಸಿದೆ. ಕೆಲವು ವಾರಗಳ ನಂತರ ಸಮಿತಿಯ ಕಚೇರಿಯಿಂದ ದಿನ, ಗಂಟೆ ಮತ್ತು ನನಗೆ ಸಿಗುವ ಐದು ನಿಮಿಷಗಳನ್ನು ತಿಳಿಸಿದ ಮಿಂಚಂಚೆ ಬಂತು.

ಉದ್ದನೆಯ ಮೇಜು, ನೀರಿನ ಲೋಟಗಳು, ಪ್ರತಿಯೊಬ್ಬ ಸದಸ್ಯರ ಮುಂದೆಯೂ ಕಾಗದದ ಕಟ್ಟು. ನನಗಿಂತ ಮೊದಲು ಹಲವು ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ವೃದ್ಧರೊಬ್ಬರು ಮಸೂದೆಯ ಪರವಾಗಿ, ಮನೆ ಹಾಳು ಮಾಡಿದ ಬಾಡಿಗೆದಾರನನ್ನು ಎಬ್ಬಿಸಲು ತಾವು ಪಟ್ಟ ಪಾಡನ್ನು ಹೇಳಿಕೊಂಡರು. ಅವರ ಮಾತಿನಲ್ಲಿಯೂ ನಿಜವಿತ್ತು. ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದನ್ನು ಪಕ್ಕಕ್ಕಿಟ್ಟು, ಕಾರಣ ತಿಳಿಯದೆ ಮನೆ ಬಿಡುವವನು ಮುಂದಿನ ಮಾಲೀಕರಿಗೆ ಏನೆಂದು ಉತ್ತರಿಸಬೇಕು ಎಂಬ ಒಂದೇ ಸಂಗತಿಯನ್ನು ಹೇಳಿದೆ. ಮಸೂದೆಯನ್ನು ಬೆಂಬಲಿಸುತ್ತಿದ್ದ ಸದಸ್ಯೆಯೊಬ್ಬರು, ಆ ತೊಂಬತ್ತು ದಿನಗಳಲ್ಲಿ ಎಷ್ಟು ಮನೆಗಳನ್ನು ನೋಡಿದಿರಿ ಎಂದು ಕೇಳಿದರು. ಇಪ್ಪತ್ತಮೂರು ಎಂದೆ. ಅವರು ಅದನ್ನು ಬರೆದುಕೊಂಡರು.

ಆ ವರ್ಷದ ಡಿಸೆಂಬರಿನಲ್ಲಿ ಮಸೂದೆ ಅಂಗೀಕಾರವಾಯಿತು. ಕಾರಣವಿಲ್ಲದ ನೋಟಿಸ್ 2025ರ ಜನವರಿ ಕೊನೆಯಿಂದ ಮರಳಿ ಬಂತು. ನನ್ನ ಮಾತಿನಿಂದ ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ. ನನಗೆ ನೋವಾದದ್ದು ನಿಜ. ಆದರೂ ಆ ಐದು ನಿಮಿಷ ವ್ಯರ್ಥವಾಯಿತು ಎಂದು ನಾನು ಹೇಳಲಾರೆ. ಸಮಿತಿಗಳ ವರದಿಯಲ್ಲಿ ಬಹುಮತದ ತೀರ್ಮಾನದ ಜೊತೆಗೆ ಒಪ್ಪದ ಪಕ್ಷಗಳ ಭಿನ್ನಾಭಿಪ್ರಾಯವೂ ಅಚ್ಚಾಗುತ್ತದೆ, ಜನರು ಬರೆದುಕೊಟ್ಟದ್ದು ಸಂಸತ್ತಿನ ಜಾಲತಾಣದಲ್ಲಿ ಎಲ್ಲರ ಓದಿಗೂ ಸಿಗುತ್ತದೆ. ಇಲ್ಲಿ ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಯುವುದರಿಂದ, ಇಂದು ಸೋತ ವಾದವನ್ನು ನಾಳೆ ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಜನರ ಒತ್ತಡ ಕೆಲವೊಮ್ಮೆ ಅಳತೆಗೆ ಸಿಗದಷ್ಟು ಬೆಳೆಯುವುದೂ ಉಂಟು. ಬ್ರಿಟಿಷ್ ಪ್ರಭುತ್ವಕ್ಕೂ ಮಾವೊರಿ ಮುಖ್ಯಸ್ಥರಿಗೂ ನಡುವೆ 1840ರಲ್ಲಿ ಆದ ವೈಟಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸಲು ಹೊರಟ ಮಸೂದೆಗೆ, ಸುಮಾರು 53 ಲಕ್ಷ ಜನರಿರುವ ಈ ದೇಶದಲ್ಲಿ, 3 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಹೆಚ್ಚಿನವು ವಿರೋಧದವು. ಸರ್ಕಾರದ ಪಾಲುದಾರ ಪಕ್ಷಗಳು ಮೊದಲ ವಾಚನದಾಚೆಗೆ ಬೆಂಬಲವಿಲ್ಲ ಎಂದು ಮೊದಲೇ ಹೇಳಿದ್ದವು ಎಂಬುದನ್ನು ಮರೆಯುವಂತಿಲ್ಲ. 2025ರ ಏಪ್ರಿಲ್‌ನಲ್ಲಿ 112 ಮತಗಳ ವಿರುದ್ಧ 11 ಮತಗಳಷ್ಟೇ ಬಿದ್ದು ಮಸೂದೆ ಸೋತಿತು.

ಈ ಏರ್ಪಾಡಿನಲ್ಲಿ ನನ್ನನ್ನು ಕಾಡುವ ದೊಡ್ಡ ಬಿರುಕು, ತುರ್ತು ಕಲಾಪದ ಅಧಿಕಾರ. ಸರ್ಕಾರ ಬಯಸಿದರೆ ಸಮಿತಿಯ ಹಂತವನ್ನೇ ದಾಟಿಸಿ ಮಸೂದೆಯನ್ನು ಅಂಗೀಕರಿಸಬಹುದು. ಮಹಿಳೆಯರೇ ಹೆಚ್ಚಾಗಿ ದುಡಿಯುವ ವೃತ್ತಿಗಳಲ್ಲಿ ವೇತನ ಸಮಾನತೆ ಕೋರುವ ದಾರಿಯನ್ನು ಕಠಿಣಗೊಳಿಸಿದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಹೀಗೆಯೇ ಒಂದೆರಡು ದಿನಗಳಲ್ಲಿ ಕಾಯ್ದೆಯಾಯಿತು. ಆಗ ಮಾಜಿ ಸಂಸದೆ ಮರಿಲಿನ್ ವೇರಿಂಗ್ ಅವರ ನೇತೃತ್ವದಲ್ಲಿ ಬೇರೆ ಬೇರೆ ಪಕ್ಷಗಳ ಹತ್ತು ಮಂದಿ ಮಾಜಿ ಸಂಸದೆಯರು ತಾವೇ ಒಂದು 'ಜನರ ಸೆಲೆಕ್ಟ್ ಕಮಿಟಿ'ಯನ್ನು ಕಟ್ಟಿಕೊಂಡು, ಸಂಸತ್ತು ಕೇಳದೆ ಬಿಟ್ಟ ಅಹವಾಲುಗಳನ್ನು ಕೇಳತೊಡಗಿದರು. ಅದಕ್ಕೆ ಕಾನೂನಿನ ಅಧಿಕಾರವೇನೂ ಇರಲಿಲ್ಲ. ಆದರೂ ಜನರು ಬಂದು ಮಾತನಾಡಿದರು.

ಅಂತಹ ಹಠಕ್ಕೆ ಇಲ್ಲಿ ಹಳೆಯ ಬೇರಿದೆ. ಸಂಸತ್ತಿನ ಎದುರಿಗಿರುವ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಕೇಟ್ ಶೆಪರ್ಡ್ ಮತ್ತು ಅವರ ಸಂಗಾತಿಗಳು 1893ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಸಲ್ಲಿಸಿದ ಮನವಿಯನ್ನು ಇರಿಸಿದ್ದಾರೆ. ಐನೂರಕ್ಕೂ ಹೆಚ್ಚು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುತ್ತಿದ ಆ ಸುರುಳಿಯನ್ನು ಜಾನ್ ಹಾಲ್ ಎಂಬ ಸದಸ್ಯರು ಸದನದ ನಡುದಾರಿಯಲ್ಲಿ ಉರುಳಿಸಿ ಬಿಡಿಸಿದ್ದರಂತೆ. ಅದೇ ವರ್ಷ ಸೆಪ್ಟೆಂಬರ್ 19ರಂದು ಕಾಯ್ದೆಗೆ ಸಹಿ ಬಿತ್ತು. ಮಂದ ಬೆಳಕಿನ ಆ ಕೋಣೆಯಲ್ಲಿ ನನ್ನ ಮಗಳು ಗಾಜಿನ ಮೇಲೆ ಬಾಗಿ, ಸಾಲುಸಾಲು ಸಹಿಗಳನ್ನು ಒಂದೊಂದಾಗಿ ಓದಿದಳು.

ಸಮಿತಿಗೆ ನಾನು ಬರೆದುಕೊಟ್ಟ ಎರಡು ಪುಟಗಳು ಜಾಲತಾಣದಲ್ಲಿ ಪ್ರಕಟವಾದಾಗ ಅದರ ಕೊಂಡಿಯನ್ನು ತಂದೆಯವರಿಗೆ ಕಳುಹಿಸಿದೆ. ಮೊಮ್ಮಗನ ಸಹಾಯದಿಂದ ಅದನ್ನು ತೆರೆದು, ಇಂಗ್ಲಿಷನ್ನು ನಿಧಾನವಾಗಿ ಓದಿ, ರಾತ್ರಿ ಅವರೇ ಫೋನ್ ಮಾಡಿದರು. ಶಿಫಾರಸಿನ ಮಾತು ಮತ್ತೆ ಬರಲಿಲ್ಲ. "ಮನೆ ಬಿಟ್ಟ ಮೇಲೆ ಮಗು ಶಾಲೆ ಬದಲಾಯಿಸಬೇಕಾಯಿತಲ್ಲ, ಅದನ್ನು ಯಾಕೆ ಬರೆಯಲಿಲ್ಲ? ಅವರು ಕೇಳಬೇಕಾಗಿದ್ದದ್ದು ಅದನ್ನೇ" ಎಂದರು.